ನಲವತ್ತನೆಯ ಹೆಸರು

"ಉಶ್ಶ್!"

ಬಾಗಿಲು ತಳ್ಳಿ ಒಳಗೆ ಕಾಲಿಟ್ಟವಳು ಹಾಗೇ ಕಲ್ಲಾಗಿ ನಿಂತಳು. ಕೈಯಲ್ಲಿದ್ದ ಫೈಲುಗಳು ಮಾತ್ರ ನಿಲ್ಲಲಿಲ್ಲ. ಒಂದರ ಹಿಂದೊಂದು ಜಾರಿ ದಬದಬನೆ ನೆಲಕ್ಕೆ ಬಿದ್ದವು.

ಪುಟ್ಟ ಕೋಣೆ. ಗೋಡೆಗಳಿಗೆಲ್ಲ ದಪ್ಪ ಕಂಬಳಿ ಹೊಡೆದಿದ್ದರು. ನಡುವಿನ ಕುರ್ಚಿಯಲ್ಲಿ, ಮೈಕಿನ ಮುಂದೆ, ಒಬ್ಬ ಅಜ್ಜಿ ಕೂತಿದ್ದರು. ಅವರ ಎದುರು ನೆಲದ ಮೇಲೆ ಮಂಡಿಯೂರಿದ್ದ ಯುವಕನೊಬ್ಬ, ಕಿವಿಗೆ ಹೆಡ್‌ಫೋನ್ ಹಾಕಿಕೊಂಡು, ಕಣ್ಣು ಮುಚ್ಚಿ ಹಲ್ಲು ಕಚ್ಚಿದ್ದ. ಆ ಸದ್ದು ಅವನ ಕಿವಿಯಲ್ಲಿ ಬಾಂಬಿನಂತೆ ಸಿಡಿದಿರಬೇಕು!

ಹೆಡ್‌ಫೋನನ್ನು ಕೊರಳಿಗೆ ಇಳಿಸಿಕೊಂಡು ಕೇಳಿದ. "ಹೊರಗೆ ಕೆಂಪು ದೀಪ ಉರೀತಿತ್ತು. ನೋಡ್ಲಿಲ್ವಾ?"

"ನೋಡಿದೆ... ಆದ್ರೆ ಅದು ಯಾಕೆ ಅಂತ..."

"ಯಾಕೆ ಅಂತ ಗೊತ್ತಿಲ್ಲದಿದ್ರೆ ಬಾಗಿಲು ತೆಗೆಯೋದಾ?"

ಅವಳು ಕೆಲಸಕ್ಕೆ ಸೇರಿ ಇನ್ನೂ ಒಂದು ಗಂಟೆಯಾಗಿರಲಿಲ್ಲ. ಇತಿಹಾಸದಲ್ಲಿ ಎಂ.ಎ. ಮುಗಿಸಿ, ಏಳು ತಿಂಗಳು ಅರ್ಜಿ ಹಾಕಿ ಹಾಕಿ ಬೆರಳು ಸವೆದ ಮೇಲೆ ಸಿಕ್ಕಿದ ಕೆಲಸ ಇದು. "ಇತಿಹಾಸ ಓದಿ ಯಾವ ರಾಜನ ಆಸ್ಥಾನದಲ್ಲಿ ಕೆಲಸಕ್ಕೆ ಸೇರ್ತೀಯೇ?" ಎಂದು ಸೋದರತ್ತೆ ಮನೆಗೆ ಬಂದಾಗಲೆಲ್ಲ ಕೇಳುತ್ತಿದ್ದರು. ಮೊದಲ ದಿನವೇ ಆಸ್ಥಾನದಿಂದ ಹೊರದಬ್ಬಿಸಿಕೊಳ್ಳುವ ಯೋಗ ಬಂತಲ್ಲ!

ಮೈಕಿನ ಮುಂದಿದ್ದ ಅಜ್ಜಿ ಕಿಲಕಿಲ ನಕ್ಕರು. "ಬಿಡಪ್ಪಾ, ಪಾಪ! ಮೂವತ್ತು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೂತವಳು ನಾನು. ಇದರ ಹತ್ತರಷ್ಟು ಗಲಾಟೆ ಮಧ್ಯೆ ಮಾತಾಡಿದೀನಿ. ಬಾ ಮಗೂ, ಕೂತ್ಕೋ."

ಅವನು ಫೈಲುಗಳನ್ನು ಆಯ್ದು, ಅಂಗಿಯ ತೋಳಿನಿಂದ ಧೂಳು ಒರೆಸಿ ಅವಳ ಕೈಗಿತ್ತ. ಆಮೇಲೆ ತಗ್ಗಿದ ದನಿಯಲ್ಲಿ, "ಉಸಿರು ಸ್ವಲ್ಪ ನಿಧಾನ. ಮೈಕಿಗೆ ಅದೂ ಕೇಳಿಸುತ್ತೆ" ಎಂದ.

ತಮಾಷೆಯೋ, ಬೈಗುಳವೋ? ಅವಳಿಗೆ ಗೊತ್ತಾಗಲಿಲ್ಲ. ಮುಂದಿನ ಒಂದು ಗಂಟೆ ಉಸಿರು ಬಿಗಿಹಿಡಿದೇ ಕೂತಳು.

*

ಅದೊಂದು ಚಿಕ್ಕ ಸಂಶೋಧನಾ ಸಂಸ್ಥೆ. ಹಳೆಯ ಕಟ್ಟಡದ ಮೊದಲ ಮಹಡಿ, ಐದು ಮೇಜು, ಕಾಗದ ಸಿಕ್ಕಿಕೊಳ್ಳುವ ಒಂದು ಪ್ರಿಂಟರ್. ಹಿಂದಿನ ಕಾಲದಲ್ಲಿ ಕರೆ ಬಂದರೆ ಕೈಯಿಂದಲೇ ಬೋರ್ಡಿಗೆ ತಂತಿ ಚುಚ್ಚಿ ಲೈನು ಕೂಡಿಸುತ್ತಿದ್ದ ಟೆಲಿಫೋನ್ ಆಪರೇಟರ್ ಹೆಂಗಸರಿದ್ದರಲ್ಲ, ಅವರ ಬದುಕಿನ ಕಥೆಗಳನ್ನು ಅವರ ದನಿಯಲ್ಲೇ ಹಿಡಿದಿಡುವುದು ಈಗಿನ ಯೋಜನೆ. ಒಟ್ಟು ನಲವತ್ತು ಸಂದರ್ಶನ. ಎಲ್ಲರಿಗೂ ವಯಸ್ಸಾಗಿತ್ತು. ಪಟ್ಟಿಯಲ್ಲಿ ಹೆಸರು ಬರೆದು ಹೋಗಿ ಬಾಗಿಲು ತಟ್ಟುವಷ್ಟರಲ್ಲಿ ಇಬ್ಬರು ತೀರಿಕೊಂಡು, ಅವರ ಬದಲಿಗೆ ಬೇರೆ ಹೆಸರು ಸೇರಿಸಬೇಕಾಗಿತ್ತು.

ಅವಳದು ಸಂಶೋಧನಾ ಸಹಾಯಕಿಯ ಕೆಲಸ. ಒಂದು ಗಂಟೆಯ ಮಾತು ಕೇಳಿ ಬರೆಯಲು ಆರು ಗಂಟೆ ಹಿಡಿಯುತ್ತಿತ್ತು. ಧ್ವನಿಮುದ್ರಣ ಅವನದು. ಆಫೀಸಿನಲ್ಲಿ ಅವನಿಗೆ "ಮೌನಿ" ಎಂದು ಹೆಸರಿಟ್ಟಿದ್ದರು. ಇವಳು ಬಂದ ವಾರದಲ್ಲೇ ಇವಳಿಗೂ ಒಂದು ಹೆಸರು ಬಿತ್ತು, "ಪಟಪಟಿ"!

ಮೌನಿ ಪಟಪಟಿಗೆ ಕೇಳುವುದನ್ನು ಕಲಿಸಿದ.

"ಅವರು ಮಾತು ನಿಲ್ಲಿಸಿದ ತಕ್ಷಣ ಮುಂದಿನ ಪ್ರಶ್ನೆ ಹಾಕ್ಬೇಡಿ" ಎಂದ ಒಂದು ದಿನ, ಸಂದರ್ಶನಕ್ಕೆ ಹೊರಟು ಬಸ್ ನಿಲ್ದಾಣದಲ್ಲಿ ನಿಂತಿದ್ದಾಗ.

"ಸುಮ್ನೆ ಕೂತ್ರೆ ನನಗೆ ಮುಜುಗರ ಆಗುತ್ತೆ."

"ಅವರಿಗೂ ಆಗುತ್ತೆ. ಆ ಮುಜುಗರ ತಡೀಲಾರದೆ ನಿಜ ಹೇಳ್ತಾರೆ."

ಅವಳು ನಕ್ಕಳು. "ಹಾಗಾದ್ರೆ ನೀವು ಸುಮ್ನಿರೋದು ಬೇರೆಯವರ ಬಾಯಿಬಿಡಿಸೋಕಾ?"

"ಅಲ್ಲ" ಎಂದ. ಕಿವಿಯ ತುದಿ ಕೆಂಪಾಯಿತು. "ನನಗೆ ಬರೋದೇ ಅಷ್ಟು."

ಅಂದಿನಿಂದ ಬಸ್ಸು ತಡವಾದರೆ ಅವಳಿಗೆ ಸಿಟ್ಟು ಬರುವುದು ನಿಂತುಹೋಯಿತು. 'ಇನ್ನೂ ಐದು ನಿಮಿಷ ತಡವಾಗಬಾರದಾ...' ಎಂದುಕೊಳ್ಳುತ್ತಿದ್ದಳು. ಆದರೆ ಸಂಜೆ ಮಾತ್ರ ಐದೂವರೆ ಹೊಡೆಯುತ್ತಲೇ ಅವನು ಮನೆಗೆ ಹೊರಟುಬಿಡುತ್ತಿದ್ದ. ಒಂದು ಲೋಟ ಚಹಾಕ್ಕೂ ನಿಲ್ಲುತ್ತಿರಲಿಲ್ಲ. ಮನೆಯಲ್ಲಿ ಯಾರಿದ್ದಾರೆಂದು ಕೇಳಿದರೆ, "ಅಮ್ಮ ಇದ್ದಾರೆ" ಎಂದಷ್ಟೇ ಹೇಳುತ್ತಿದ್ದ.

*

ಆರು ತಿಂಗಳಿಗೆ ಯೋಜನೆಯ ವ್ಯವಸ್ಥಾಪಕರು ಬೇರೆ ಕೆಲಸ ಹಿಡಿದು ಹೊರಟರು. ನಿರ್ದೇಶಕಿ ಅವಳನ್ನು ಕರೆದು ಬೀಗದ ಕೈಗೊಂಚಲು ಮೇಜಿನ ಮೇಲಿಟ್ಟರು.

"ನೀನೇ ನೋಡ್ಕೋ. ಕಲಿತವರೇ ಮಾಡ್ಬೇಕು ಅಂದ್ರೆ ಯಾವ ಕೆಲಸವೂ ಆಗಲ್ಲ. ಮಾಡ್ತಾ ಕಲೀತೀಯ."

ಅವಳಿಗಿನ್ನೂ ಇಪ್ಪತ್ನಾಲ್ಕು ವರ್ಷ! ರಾಜವಂಶಗಳ ಪಟ್ಟಿ ಬಾಯಿಪಾಠವಿದ್ದವಳಿಗೆ ಈಗ ಯಾರು ಯಾವಾಗ ಎಲ್ಲಿಗೆ ಹೋಗಬೇಕು, ಯಾರ ಒಪ್ಪಿಗೆ ಪತ್ರ ಬಂದಿಲ್ಲ, ಯಾವ ಅಜ್ಜಿಗೆ ಕಾರು ಕಳಿಸಬೇಕು ಎಂಬುದೆಲ್ಲ ತಲೆಯಲ್ಲಿರಬೇಕಿತ್ತು. ಗೋಡೆಗೆ ದೊಡ್ಡದೊಂದು ಕಾಗದ ಅಂಟಿಸಿ ನಲವತ್ತು ಮನೆ ಗೀಚಿದಳು. ಮುಗಿದದ್ದಕ್ಕೆ ಹಸಿರು, ಉಳಿದದ್ದಕ್ಕೆ ಕೆಂಪು. ತಿಂಗಳ ಕೊನೆಗೆ ವರದಿ. ಅದರಲ್ಲಿ ಮೂರು ಕಾಲಂ: ಅಡೆತಡೆ, ಕಾರಣ, ಪರಿಹಾರ.

ಕೆಂಪು ಮನೆಗಳು ಒಂದೊಂದಾಗಿ ಹಸಿರಾದವು. ನಲವತ್ತನೆಯದು ಮಾತ್ರ ಹಾಗೇ ಉಳಿಯಿತು. ಅದರ ಪಕ್ಕದಲ್ಲಿ ಮೌನಿಯ ಅಕ್ಷರದಲ್ಲಿ ಒಂದೇ ಪದವಿತ್ತು: "ನಿರಾಕರಿಸಿದ್ದಾರೆ."

ಎಕ್ಸ್‌ಚೇಂಜಿನ ಸೂಪರ್‌ವೈಸರಮ್ಮನ ಹೆಸರು ಅದು. ಯಾವ ಅಜ್ಜಿಯನ್ನು ಮಾತಾಡಿಸಿದರೂ ಕಥೆ ಕೊನೆಗೆ ಅವರ ಬಳಿಗೇ ಹೋಗಿ ನಿಲ್ಲುತ್ತಿತ್ತು. ಹೊಳೆ ಉಕ್ಕಿ ಊರಿಗೆ ನುಗ್ಗಿದ ದಿನ ಹುಡುಗಿಯರನ್ನೆಲ್ಲ ಮನೆಗೆ ಕಳಿಸಿ, ಮೊಣಕಾಲುದ್ದ ನೀರಲ್ಲಿ ಒಬ್ಬರೇ ಎರಡು ದಿನ ಬೋರ್ಡಿನ ಮುಂದೆ ಕೂತು, ಬೀದಿ ಬೀದಿಗೆ ಕರೆ ಮಾಡಿ ಜನರನ್ನು ಎಬ್ಬಿಸಿದವರು. "ನಮ್ಮನ್ನೇನು ಕೇಳ್ತೀಯೇ, ಅವರನ್ನ ಕೇಳು!" ಎನ್ನುತ್ತಿದ್ದರು ಎಲ್ಲರೂ.

"ಇನ್ನೊಂದು ಸಲ ಕೇಳಿ ನೋಡೋಣ್ವಾ?" ಎಂದು ಅವಳು ಮೂರು ಬಾರಿ ಮೌನಿಯನ್ನು ಕೇಳಿದಳು.

"ಅವರು ಮಾತಾಡಲ್ಲ" ಎಂದ ಮೂರೂ ಬಾರಿ.

ಒಂಬತ್ತನೆಯ ತಿಂಗಳಲ್ಲಿ, ಮಾತಾಡಿದ ಅಜ್ಜಿಯರನ್ನೆಲ್ಲ ಒಟ್ಟಿಗೆ ಕರೆದು ಅವರವರ ದನಿ ಕೇಳಿಸುವ ಒಂದು ಪುಟ್ಟ ಸಭೆ ಏರ್ಪಾಟಾಯಿತು. ಸಭಾಂಗಣದಲ್ಲಿ ತಂತಿ ಸುತ್ತುತ್ತಿದ್ದ ಅವನನ್ನು ಆ ಕಿಲಕಿಲ ಅಜ್ಜಿ ಕನ್ನಡಕ ಏರಿಸಿ ದಿಟ್ಟಿಸಿದರು. ರೆಕಾರ್ಡಿಂಗ್ ಕೋಣೆಯ ಮಬ್ಬಿನಲ್ಲಿ ಗುರುತು ಸಿಕ್ಕಿರಲಿಲ್ಲವೇನೋ.

"ಅಯ್ಯೋ! ನೀನು ಸೂಪರ್‌ವೈಸರಮ್ಮನ ಮಗ ಅಲ್ವೇನೋ? ಬೋರ್ಡ್ ಕೆಳಗೆ ಹಾಸಿ ಮಲಗಿಸ್ತಿದ್ವಲ್ಲೋ ನಿನ್ನ! ಅಮ್ಮ ಹೇಗಿದಾರೆ?"

ಅವನ ಕೈಯಲ್ಲಿದ್ದ ತಂತಿ ನಿಂತಿತು. "ಚೆನ್ನಾಗಿದಾರೆ ಅಜ್ಜಿ" ಎಂದ, ಕತ್ತೆತ್ತದೆ.

ಪಕ್ಕದಲ್ಲೇ ನಿಂತಿದ್ದ ಅವಳು ಎಲ್ಲವನ್ನೂ ಕೇಳಿಸಿಕೊಂಡಳು.

*

"ನಿಮ್ಮ ಅಮ್ಮ?!"

ಎಲ್ಲರೂ ಹೋದ ಮೇಲೆ ಖಾಲಿ ಕುರ್ಚಿಗಳ ನಡುವೆ ಅವಳು ಅವನನ್ನು ತಡೆದು ನಿಲ್ಲಿಸಿದಳು.

"ಹೌದು."

"ನಾನು ಮೂರು ಸಲ ಕೇಳಿದೆ. ಮೂರು ಸಲ! ಒಂದು ಸಲಾನೂ ಹೇಳ್ಬೇಕು ಅನ್ನಿಸ್ಲಿಲ್ವಾ ನಿಮಗೆ?"

"ಅವರು ಮಾತಾಡಲ್ಲ ಅಂತ ಹೇಳಿದ್ನಲ್ಲ."

"ಯಾಕೆ ಅಂತ ಹೇಳಿ. ಕಾರಣ ಹೇಳಿ ಸಾಕು, ಬಿಟ್ಬಿಡ್ತೀನಿ."

ಅವನ ತುಟಿ ಅಲುಗಿತು. ಏನೋ ಹೇಳಹೊರಟು ನುಂಗಿಕೊಂಡ. "ಹೇಳೋಕಾಗಲ್ಲ."

"ನನಗೂ ಹೇಳೋಕಾಗಲ್ವಾ?" ಎಂದಳು. ಆ "ನನಗೂ" ಎಂಬುದರಲ್ಲಿ ಒಂಬತ್ತು ತಿಂಗಳ ಬಸ್ ನಿಲ್ದಾಣವೆಲ್ಲ ಇತ್ತು.

ಅವನು ತಂತಿಯ ಸುರುಳಿ ಹೆಗಲಿಗೇರಿಸಿಕೊಂಡು ಹೊರಟುಹೋದ.

'ನಾನು ಅವನಿಗೆ ಯಾರೂ ಅಲ್ಲ... ಬರೀ ಆಫೀಸಿನವಳು!' ಅವಮಾನದಿಂದ ಮುಖ ಉರಿಯಿತು. ಮರುದಿನ ತಿಂಗಳ ವರದಿ ಕಳಿಸಬೇಕಿತ್ತು. ಅಡೆತಡೆ ಎಂಬಲ್ಲಿ ಬರೆದಳು: "ನಲವತ್ತನೆಯ ಸಂದರ್ಶನ." ಕಾರಣ ಎಂಬಲ್ಲಿ ಅವಳ ಬೆರಳು ಒಂದು ಕ್ಷಣ ತಡವರಿಸಿತು. ಆಮೇಲೆ ಬರೆದೇಬಿಟ್ಟಳು.

"ಇವರು ತಮ್ಮ ತಾಯಿ ಎಂಬುದನ್ನು ಧ್ವನಿಮುದ್ರಕರು ಸಂಸ್ಥೆಯಿಂದ ಮುಚ್ಚಿಟ್ಟಿದ್ದಾರೆ."

ಒಂದೇ ಸಾಲು. ಸುಳ್ಳಲ್ಲ. ಆದರೆ ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ವಾರದೊಳಗೆ ನಿರ್ದೇಶಕಿ ಅವನನ್ನು ಕರೆಸಿದರು. ಒಳಗೂ ಅವನು ಬಾಯಿ ಬಿಡಲಿಲ್ಲವಂತೆ. ತಿಂಗಳು ತುಂಬಿದಾಗ ಅವನ ಒಪ್ಪಂದವನ್ನು ಮುಂದುವರಿಸಲಿಲ್ಲ.

ಕೊನೆಯ ದಿನ ಹೆಡ್‌ಫೋನಿನ ತಂತಿ ನೀಟಾಗಿ ಸುತ್ತಿ ಅವಳ ಮೇಜಿನ ಮೇಲಿಟ್ಟ. "ಎಡಗಡೇದು ಸ್ವಲ್ಪ ಲೂಸಿದೆ. ನೋಡ್ಕೊಳ್ಳಿ ಮೇಡಂ."

ಮೇಡಂ! ಎಂದೂ ಹಾಗೆ ಕರೆದಿರಲಿಲ್ಲ. ಅವಳು ತಲೆಯೆತ್ತುವಷ್ಟರಲ್ಲಿ ಮೆಟ್ಟಿಲಲ್ಲಿ ಹೆಜ್ಜೆಯ ಸಪ್ಪಳ ಇಳಿಯುತ್ತಿತ್ತು.

*

ಎರಡು ತಿಂಗಳ ನಂತರ ನಿರ್ದೇಶಕಿ ಒಂದು ವಿಳಾಸ ಹಿಡಿದು ಬಂದರು.

"ಸೂಪರ್‌ವೈಸರಮ್ಮ ಸಿಕ್ಕಿದ್ರು! ಊರಾಚೆಯ ವೃದ್ಧರ ಆರೈಕೆ ಕೇಂದ್ರದಲ್ಲಿದಾರಂತೆ. ಮಗ ದೂರದ ಊರಲ್ಲಿ ಕೆಲಸಕ್ಕೆ ಸೇರಿ ಇಲ್ಲಿ ಬಿಟ್ಟಿದಾನೆ. ಈಗ ಅಡ್ಡಿ ಮಾಡೋಕೆ ಯಾರೂ ಇಲ್ಲ. ನೀನೇ ಹೋಗಿ ಬಾ."

ಅವಳು ರೆಕಾರ್ಡರ್ ಮತ್ತು ಒಪ್ಪಿಗೆ ಪತ್ರ ಹಿಡಿದು ಹೋದಳು. ಉದ್ದನೆಯ ಕಾರಿಡಾರು, ಫಿನಾಯಿಲ್ ವಾಸನೆ, ಕಿಟಕಿಯ ಪಕ್ಕದ ಹಾಸಿಗೆ. ಬೆನ್ನು ನೆಟ್ಟಗೆ ಮಾಡಿ ಕೂತಿದ್ದ ತೆಳ್ಳನೆಯ ಹೆಂಗಸು. ಕಣ್ಣು ಥೇಟ್ ಅವನದೇ.

"ನಮಸ್ಕಾರ ಅಮ್ಮ. ನಿಮ್ಮ ಎಕ್ಸ್‌ಚೇಂಜ್ ದಿನಗಳ ಬಗ್ಗೆ ಮಾತಾಡೋಕೆ ಬಂದೆ. ಒಪ್ಪಿಗೆ ಇದ್ರೆ ಇಲ್ಲೊಂದು ಸಹಿ..."

ಆಕೆ ಒಂದು ಕ್ಷಣವೂ ಯೋಚಿಸದೆ ಪೆನ್ನು ತೆಗೆದುಕೊಂಡು ಮುತ್ತು ಪೋಣಿಸಿದಂತೆ ಸಹಿ ಹಾಕಿದರು. ಕೆಳಗೆ ತಾರೀಕು ಬರೆದರು.

ಮೂವತ್ತೊಂದು ವರ್ಷದ ಹಿಂದಿನ ತಾರೀಕು!

"ಟ್ರೈನಿಂಗಿಗೆ ಬಂದವಳಾ?" ಎಂದರು ಗದರಿಸುವ ದನಿಯಲ್ಲಿ. "ಕೂದಲು ಕಟ್ಟು ಮೊದಲು. ತಂತಿಗೆ ಸಿಕ್ಕಿಕೊಳ್ಳುತ್ತೆ. ಹದಿನಾರನೇ ನಂಬರಿನವರು ಕಾಯ್ತಿದಾರೆ, ಬೇಗ ಕೂತ್ಕೋ!"

ಅವಳು ಆ ತಾರೀಕನ್ನು ಮತ್ತೊಮ್ಮೆ ಓದಿದಳು.

ಬಾಗಿಲಲ್ಲಿದ್ದ ಆರೈಕೆಯ ಅಕ್ಕ ಮೆಲ್ಲಗೆ ಹೇಳಿದಳು. "ಮೂರು ವರ್ಷ ಆಯ್ತಂತೆ ಮರೆವು ಶುರುವಾಗಿ. ಮಗನೇ ಮನೇಲಿ ಇಟ್ಕೊಂಡು ನೋಡ್ಕೋತಿದ್ರು. ಸಂಜೆ ಆರಕ್ಕೆ ಮಗ ಬರದಿದ್ರೆ ಅಮ್ಮ ಬೀದಿಗೆ ಇಳಿದುಬಿಡ್ತಿದ್ರಂತೆ. ತನ್ನ ಈ ಸ್ಥಿತಿ ಹಳೇ ಗೆಳತಿಯರಿಗೆ ಗೊತ್ತಾಗಬಾರದು ಅಂತ, ಬುದ್ಧಿ ನೆಟ್ಟಗಿದ್ದಾಗಲೇ ಮಗನ ಹತ್ರ ಮಾತು ತಗೊಂಡಿದ್ರಂತೆ. 'ಊರಿನ ಗುಟ್ಟೆಲ್ಲ ಕೇಳಿ ಯಾರದ್ದನ್ನೂ ಹೇಳಿದವಳಲ್ಲ ನಾನು, ನನ್ನದನ್ನೂ ಯಾರೂ ಹೇಳಬಾರದು' ಅಂತ."

ಐದೂವರೆಗೆ ಏಕೆ ಓಡುತ್ತಿದ್ದ... ಚಹಾಕ್ಕೂ ಏಕೆ ನಿಲ್ಲುತ್ತಿರಲಿಲ್ಲ... "ಹೇಳೋಕಾಗಲ್ಲ" ಎಂದಾಗ ಅವನ ತುಟಿ ಏಕೆ ಅಲುಗಿತ್ತು...

'ಅಯ್ಯೋ, ನಾನೇನು ಮಾಡಿಬಿಟ್ಟೆ!'

ಅವಳು ರೆಕಾರ್ಡರನ್ನು ಚೀಲದಿಂದ ಹೊರಗೆ ತೆಗೆಯಲೇ ಇಲ್ಲ. ಕೂದಲು ಎತ್ತಿ ಕಟ್ಟಿಕೊಂಡು, ಹಾಸಿಗೆಯ ಪಕ್ಕದ ಸ್ಟೂಲಿನ ಮೇಲೆ ಕೂತಳು.

"ಹೇಳಿಕೊಡಿ ಅಮ್ಮ" ಎಂದಳು.

*

"ಸಹಿ ಇದೆಯಲ್ಲ!" ನಿರ್ದೇಶಕಿ ಒಪ್ಪಿಗೆ ಪತ್ರವನ್ನು ತಿರುಗಿಸಿ ನೋಡಿದರು.

"ತಾರೀಕು ನೋಡಿ ಮೇಡಂ. ಅವರು ಒಪ್ಪಿಲ್ಲ. ಒಪ್ಪೋಕೆ ಅವರಿಗೆ ಶಕ್ತಿಯೇ ಇಲ್ಲ."

"ನಿನ್ನ ಮನಸ್ಸು ನನಗೆ ಅರ್ಥ ಆಗುತ್ತಮ್ಮ. ಆದ್ರೆ ಹಣ ಕೊಟ್ಟವರಿಗೆ ನಲವತ್ತು ಅಂತ ಬರೆದುಕೊಟ್ಟಿದೀವಿ. ಅವರಿಲ್ಲದೆ ಇದು ದೇವರಿಲ್ಲದ ಗುಡಿ."

"ಮೂವತ್ತೊಂಬತ್ತು ಅಂತ ನಾನೇ ಬರೀತೀನಿ. ನಲವತ್ತನೆಯವರನ್ನ ಕೇಳಬಾರದಿತ್ತು, ಅದು ನನ್ನ ತಪ್ಪು ಅಂತಾನೂ ಬರೀತೀನಿ. ಧ್ವನಿಮುದ್ರಕರು ಮಾಡಿದ್ದೇ ಸರಿ ಅಂತಾನೂ."

ನಿರ್ದೇಶಕಿ ಪತ್ರವನ್ನು ಮಡಿಸಿ ಅವಳ ಕೈಗಿತ್ತರು. "ಬರಿ. ಆದ್ರೆ ಮುಂದಿನ ಯೋಜನೆಗೆ ನಿನ್ನನ್ನ ತಗೋತೀನಿ ಅಂತ ಮಾತು ಕೊಡೋಕಾಗಲ್ಲ."

ಅವಳು ಬರೆದಳು. ಕಾಗದ ಸಿಕ್ಕಿಕೊಳ್ಳುವ ಆ ಪ್ರಿಂಟರಿನ ಮುಂದೆ ನಿಂತು ಕೊನೆಯ ವರದಿಯನ್ನು ಹಾಳೆ ಹಾಳೆಯಾಗಿ ಎಳೆದು ತೆಗೆದಳು. ಯೋಜನೆ ಮುಗಿದ ದಿನವೇ ಅವಳ ಕೆಲಸವೂ ಮುಗಿಯಿತು. ಮತ್ತೆ ಅರ್ಜಿಗಳ ಕಾಲ. ನಡುವೆ ಅಪ್ಪನ ಪುಸ್ತಕ ಬೈಂಡಿಂಗ್ ಅಂಗಡಿಯಲ್ಲಿ ಹಾಳೆ ಮಡಿಸಿಕೊಟ್ಟಳು. ನಡೆದದ್ದನ್ನೆಲ್ಲ ಹೇಳಿದಾಗ ಅಪ್ಪ ಬೈಯಲಿಲ್ಲ. ಅತ್ತೆ ಮಾತ್ರ, "ರಾಜ ಓಡಿಸಿಬಿಟ್ನಾ?" ಎಂದರು.

ಆದರೆ ವಾರಕ್ಕೊಮ್ಮೆ ಆರೈಕೆ ಕೇಂದ್ರಕ್ಕೆ ಹೋಗುವುದನ್ನು ಬಿಡಲಿಲ್ಲ.

ಮೂರನೆಯ ವಾರ ಹೋದದ್ದು ಭಾನುವಾರ. ಸೂಪರ್‌ವೈಸರಮ್ಮ ಅವಳ ತಲೆಗೆ ಹೆಡ್‌ಫೋನಿನಂತೆ ಟವೆಲ್ ಸುತ್ತಿ, ಕಿವಿಯ ಬಳಿ ಗಂಟು ಹಾಕಿ, "ಹಾಂ, ಈಗ ಕೇಳಿಸುತ್ತಾ?" ಎನ್ನುತ್ತಿದ್ದಾಗ ಬಾಗಿಲಲ್ಲಿ ನೆರಳು ಬಿತ್ತು.

ಅವನು! ಎಷ್ಟು ಇಳಿದುಹೋಗಿದ್ದ...

"ಇಲ್ಲೂ ಬಂದ್ರಾ?" ದನಿ ಚಾಕುವಿನಂತಿತ್ತು. "ಮೆಷಿನ್ ಎಲ್ಲಿಟ್ಟಿದೀರಾ?"

ಅವಳು ತನ್ನ ಚೀಲವನ್ನು ಹಾಸಿಗೆಯ ಮೇಲೆ ಬೋರಲು ಹಾಕಿದಳು. ಒಂದು ಬಾಚಣಿಗೆ, ಬಿಸ್ಕತ್ತಿನ ಪೊಟ್ಟಣ, ಬಸ್ ಟಿಕೆಟ್ಟು, ಕರವಸ್ತ್ರ. ಅಷ್ಟೇ.

"ಕ್ಷಮಿಸಿ. ನನಗೆ ಗೊತ್ತಿರ್ಲಿಲ್ಲ... ಆದ್ರೂ ಬರೀಬಾರದಿತ್ತು."

ಅವನು ಅವಳನ್ನು ಹೊರಗೆ ಕಾರಿಡಾರಿಗೆ ಕರೆದ. ಗೋಡೆಗೆ ಒರಗಿ ನಿಂತು, ನೆಲ ನೋಡುತ್ತ ಹೇಳಿದ. "ಅಲ್ಲಿದ್ದಾಗ ಹತ್ತು ನಿಮಿಷದಲ್ಲಿ ಮನೆ ಸೇರ್ತಿದ್ದೆ. ಈಗ ಮೂರು ಗಂಟೆ ರೈಲು. ನಿಮ್ಮ ಒಂದು ಸಾಲಿನಿಂದ ನಮ್ಮಮ್ಮ ಈ ಹಾಸಿಗೆ ಮೇಲಿದಾರೆ ಮೇಡಂ. ಅಷ್ಟು ತಿಳ್ಕೊಳ್ಳಿ ಸಾಕು."

ಅವಳು ತಿಳಿದುಕೊಂಡಳು. ಆ ಮಾತನ್ನು ಕಲ್ಲಿನಂತೆ ಎದೆಯಲ್ಲಿಟ್ಟುಕೊಂಡು ಮನೆಗೆ ಹೋದಳು. ಊಟ ಮಾಡುವಾಗ, ಹಾಳೆ ಮಡಿಸುವಾಗ, ಯಾರಾದರೂ ನಗಿಸಿದಾಗ ಅದು ಅಲ್ಲೇ ಕೂತಿರುತ್ತಿತ್ತು.

*

ಆಮೇಲೆ ಅವಳು ಬುಧವಾರ ಬರತೊಡಗಿದಳು. ಅವನು ಭಾನುವಾರ. ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ. ಆದರೆ ಹಾಸಿಗೆಯ ಪಕ್ಕದಲ್ಲಿ, ಬಂದವರು ರೋಗಿಯ ಸುದ್ದಿ ಬರೆದಿಡಲು ಒಂದು ನೋಟ್‌ಪುಸ್ತಕವಿತ್ತು.

"ಬುಧವಾರ. ಅರ್ಧ ಬಟ್ಟಲು ಸೂಪು ಕುಡಿದರು. ಲೈನ್ ಕಟ್ ಮಾಡಿದೆನೆಂದು ನನಗೆ ಬೈದರು."

"ಭಾನುವಾರ. ಕೆಮ್ಮು ಇದೆ. ಡಾಕ್ಟರಿಗೆ ಹೇಳಿದ್ದೇನೆ."

"ಬುಧವಾರ. ಕೆಮ್ಮು ಕಡಿಮೆ. ಉಗುರು ಕತ್ತರಿಸಿದೆ. ಬೋರ್ಡಿನ ಮುಂದೆ ನನ್ನ ಕೆಲಸ ಸುಧಾರಿಸಿದೆಯಂತೆ, ಮುಂದಿನ ತಿಂಗಳು ಕಾಯಂ ಮಾಡುತ್ತಾರಂತೆ."

ಮುಂದಿನ ಬುಧವಾರ ಅದರ ಕೆಳಗೆ ಅವನ ಅಕ್ಷರದಲ್ಲಿ ಹೀಗಿತ್ತು: "ಅಭಿನಂದನೆ."

ಅವಳು ಆ ಪದವನ್ನು ಹತ್ತು ಸಲ ಓದಿದಳು. ಅಂದಿನಿಂದ ಸಾಲುಗಳು ಉದ್ದವಾದವು. ಚಳಿ ಹೆಚ್ಚಾಯಿತೆಂದು ಅವನು ಬರೆದರೆ ಅವಳು ಉಲ್ಲನ್ ಕಾಲುಚೀಲ ತಂದಳು. ಅವಳಿಗೆ ಇನ್ನೂ ಕೆಲಸ ಸಿಕ್ಕಿಲ್ಲವೆಂದು ಆರೈಕೆಯ ಅಕ್ಕನಿಂದ ತಿಳಿದು ಅವನು ಒಂದು ಗ್ರಂಥಾಲಯದ ಜಾಹೀರಾತನ್ನು ಕತ್ತರಿಸಿ ಪುಟದ ನಡುವೆ ಇಟ್ಟ. ಅವಳು ಅರ್ಜಿ ಹಾಕಿದಳು. ಹಳೆಯ ಕಾಗದಪತ್ರಗಳನ್ನು ವಿಂಗಡಿಸುವ ಕೆಲಸ ಸಿಕ್ಕಿತು. ಬುಧವಾರ ಮಧ್ಯಾಹ್ನದ ರಜೆಯನ್ನು ಮಾತ್ರ ಮೊದಲೇ ಕೇಳಿ ಇಟ್ಟುಕೊಂಡಳು.

ಒಂದು ದಿನ ಪುಟದಲ್ಲಿ ಹೀಗಿತ್ತು: "ಭಾನುವಾರ. ಅಮ್ಮ ಇವತ್ತು ನನ್ನನ್ನು ಗುರುತಿಸಲಿಲ್ಲ. 'ಆ ಪಟಪಟಿ ಎಲ್ಲಿ?' ಎಂದು ನಿಮ್ಮನ್ನು ಕೇಳಿದರು. ಆ ಹೆಸರು ಅವರಿಗೆ ಹೇಗೆ ಗೊತ್ತಾಯಿತು ಎಂದು ಯೋಚಿಸಿದೆ. ನಾನೇ ಹೇಳಿದ್ದೆ. ಆಫೀಸಿಂದ ಬಂದ ಮೇಲೆ ದಿನಾ ನಿಮ್ಮ ಸುದ್ದಿಯನ್ನೇ ಹೇಳುತ್ತಿದ್ದೆ."

ಅವಳು ನೋಟ್‌ಪುಸ್ತಕವನ್ನು ಮುಖಕ್ಕೆ ಒತ್ತಿಕೊಂಡು ಬಿಕ್ಕಿದಳು.

"ಯಾಕೆ ಅಳ್ತೀಯ?" ಸೂಪರ್‌ವೈಸರಮ್ಮ ಗದರಿದರು. "ಡ್ಯೂಟಿ ಮೇಲೆ ಅಳಬಾರದು. ಮನೆಗೆ ಹೋಗಿ ಅಳು."

*

ಅವಳು ಹೀಗೆ ಬರತೊಡಗಿದ ಎಂಟನೆಯ ತಿಂಗಳ ಒಂದು ಬುಧವಾರ, ಬೆಳಿಗ್ಗೆ ಹನ್ನೊಂದಕ್ಕೆ ಆರೈಕೆಯ ಅಕ್ಕ ಗ್ರಂಥಾಲಯಕ್ಕೇ ಫೋನ್ ಮಾಡಿದಳು. "ಉಸಿರಾಟ ಸರಿಯಿಲ್ಲ. ಮಗನಿಗೂ ಹೇಳಿದೀನಿ. ಬೇಗ ಬನ್ನಿ."

ಅವಳು ಹೋದಾಗ ಅಮ್ಮ ಹಾಸಿಗೆಯಲ್ಲಿ ಹಾಳೆಯಷ್ಟು ಹಗುರಾಗಿ ಮಲಗಿದ್ದರು. ಡಾಕ್ಟರು ಬಂದು ನೋಡಿ ತಲೆಯಾಡಿಸಿ ಹೋಗಿದ್ದರು. ಅವನು ರೈಲಿನಲ್ಲಿದ್ದ. ಇನ್ನೂ ಎರಡು ಗಂಟೆಯ ದಾರಿ.

ಅವಳೇ ಅವನಿಗೆ ಕರೆ ಮಾಡಿದಳು. ಕಾರಿಡಾರಿನ ಆ ಭಾನುವಾರದ ಮೇಲೆ ಇದೇ ಮೊದಲ ಮಾತು.

"ಎಲ್ಲಿದೀರಾ?"

"ಸೇತುವೆ ದಾಟ್ತಾ ಇದೀನಿ. ಅಮ್ಮ...?"

"ಕಾಯೋಕಾಗಲ್ವೇನೋ... ಫೋನು ಅಮ್ಮನ ಕಿವಿಗೆ ಹಿಡೀತೀನಿ. ಮಾತಾಡಿ. ಏನಾದ್ರೂ ಮಾತಾಡಿ!"

ರೈಲಿನ ಗಡಗಡದ ನಡುವೆ ಅವನ ದನಿ ಸಣ್ಣಗೆ ಬಂತು. "ಅಮ್ಮಾ... ನಾನಮ್ಮಾ..." ಎಂದೂ ನಾಲ್ಕು ಮಾತಿಗಿಂತ ಹೆಚ್ಚು ಆಡದವನು ಮಾತಾಡಿದ, ಮಾತಾಡಿದ, ಮಾತಾಡುತ್ತಲೇ ಇದ್ದ.

ಅಮ್ಮ ಕಣ್ಣು ತೆರೆದರು. ಹಣೆ ಗಂಟಿಕ್ಕಿ, ಯಾವುದೋ ದೂರದ ದನಿಯನ್ನು ಸೋಸಿ ಹಿಡಿಯುವವರಂತೆ ಕೇಳಿಸಿಕೊಂಡರು. ಆಮೇಲೆ ಮುಖದ ಗಂಟೆಲ್ಲ ಸಡಿಲಿತು. ಫೋನನ್ನು ನಡುಗುವ ಕೈಯಿಂದ ತಳ್ಳಿ, ಅವಳ ಕಿವಿಯ ಕಡೆ ತಿರುಗಿಸಿದರು.

"ಲೈನ್ ಸಿಕ್ಕಿದೆ..." ಎಂದರು ಅವಳಿಗೆ. "ಮಾತಾಡು."

ಅಷ್ಟೇ. ಕೈ ಹಾಸಿಗೆಗೆ ಇಳಿಯಿತು.

"ಹಲೋ? ಹಲೋ... ಅಮ್ಮ ಏನಂದ್ರು? ಹೇಳಿ, ಅಮ್ಮ ಏನಂದ್ರು?"

ಅವಳಿಗೆ ಹೇಳಲಾಗಲಿಲ್ಲ. ಜೀವಮಾನದಲ್ಲಿ ಮೊದಲ ಬಾರಿ ಪಟಪಟಿಯ ಬಾಯಿಂದ ಒಂದು ಮಾತೂ ಹೊರಡಲಿಲ್ಲ. ಫೋನು ಹಿಡಿದೇ ಕೂತಳು. ಆ ಕಡೆ ಅವನಿಗೂ ತಿಳಿಯಿತು. ಇಬ್ಬರೂ ಲೈನು ಕಡಿಯಲಿಲ್ಲ. ರೈಲು ನಿಲ್ದಾಣ ಸೇರುವವರೆಗೂ, ಒಬ್ಬರ ಅಳು ಒಬ್ಬರಿಗೆ ಕೇಳುತ್ತಲೇ ಇತ್ತು.

*

ಅಂತ್ಯಕ್ರಿಯೆಗೆ ಹಳೆಯ ಆಪರೇಟರ್ ಅಜ್ಜಿಯರೆಲ್ಲ ಬಂದಿದ್ದರು. ಮರೆವಿನ ವಿಷಯವನ್ನು ಅವರಿಗೆ ಯಾರೂ ಹೇಳಲಿಲ್ಲ. ಅವನು ಅವಳ ಮುಂದೆ ಬಂದು ಕೈಮುಗಿದ. ಮರುದಿನ ಊರು ಬಿಟ್ಟ. ಒಂದು ತಿಂಗಳು ಸುದ್ದಿಯೇ ಇಲ್ಲ.

ಒಂದು ಶನಿವಾರ ಮಧ್ಯಾಹ್ನ ಅವಳು ಅಪ್ಪನ ಅಂಗಡಿಯಲ್ಲಿ ಪುಸ್ತಕದ ಬೆನ್ನಿಗೆ ಗೋಂದು ಹಚ್ಚುತ್ತಿದ್ದಾಗ ಅವನು ಬಂದು ನಿಂತ. ಅಪ್ಪ ಇಬ್ಬರ ಮುಖವನ್ನೂ ನೋಡಿ, ಕತ್ತರಿ ಕೆಳಗಿಟ್ಟು ಹಿಂದಿನ ಕೋಣೆಗೆ ಹೋದರು.

"ಒಂದು ಮಾತು ಹೇಳ್ಬೇಕಿತ್ತು" ಎಂದ. "ಕೇಳಿದ ಮೇಲೆ ನನ್ನ ಮುಖ ನೋಡ್ಬೇಕು ಅನ್ಸಲ್ಲ ನಿಮಗೆ. ಆದ್ರೂ ಹೇಳ್ತೀನಿ."

"ಹೇಳಿ."

"ಅಮ್ಮನ್ನ ಮನೇಲಿ ಇಟ್ಕೊಳ್ಳೋಕಾಗಲ್ಲ ಅಂತ ಡಾಕ್ಟರು ನನಗೆ ಮೊದಲೇ ಹೇಳಿದ್ರು. ನೀವು ಆ ವರದಿ ಬರೆಯೋಕೆ ಎರಡು ತಿಂಗಳು ಮುಂಚೆ. ಒಲೆ ಹಚ್ಚಿ ಮರೆತು ಕೈ ಸುಟ್ಕೊಂಡಿದ್ರು. ನಾನು ಆ ಕೇಂದ್ರಕ್ಕೆ ಹೋಗಿ ಹೆಸರು ಬರೆಸಿ ಬಂದಿದ್ದೆ. ಹಾಸಿಗೆ ಖಾಲಿ ಆಗೋದನ್ನ ಕಾಯ್ತಿದ್ದೆ, ಅಷ್ಟೇ."

ಅವಳ ಕೈಯಲ್ಲಿದ್ದ ಬ್ರಷ್ ನಿಂತಿತು.

"ಹಾಗಾದ್ರೆ... ನನ್ನ ಸಾಲಿನಿಂದ ಅಲ್ಲ?"

"ಅಲ್ಲ. ನೀವು ಬರೀದಿದ್ರೂ ಅಮ್ಮ ಅಲ್ಲೇ ಇರ್ತಿದ್ರು." ಅವನ ದನಿ ಒಡೆಯಿತು. "ಹೆತ್ತ ತಾಯಿನ ನಾನೇ ಬಿಟ್ಟು ಬಂದೆ ಅನ್ನೋದು ನುಂಗೋಕಾಗ್ಲಿಲ್ಲ. ಅವತ್ತು ನೀವು ಎದುರಿಗೆ ಸಿಕ್ಕಿದ್ರಿ. ನನ್ನ ಹೊರೆ ಎತ್ತಿ ನಿಮ್ಮ ತಲೆ ಮೇಲಿಟ್ಟೆ. ಆಮೇಲೆ ಪ್ರತಿ ಭಾನುವಾರ ನೋಟ್‌ಪುಸ್ತಕ ತೆಗೆದಾಗ ಇವತ್ತು ಬರೀಬೇಕು, ಇವತ್ತು ಬರೀಬೇಕು ಅಂದ್ಕೊಂಡೆ. ಬರೆದ್ರೆ ನೀವು ಬರೋದು ನಿಲ್ಲಿಸಿಬಿಟ್ರೆ ಅಂತ ಹೆದರಿದೆ."

"ಎಂಟು ತಿಂಗಳು!" ಅವಳು ಕೂಗಿದಳು. "ಎಂಟು ತಿಂಗಳು ನಾನು ನಿದ್ದೆ ಮಾಡಿಲ್ಲ, ಗೊತ್ತಾ ನಿಮಗೆ? ನಿಮ್ಮಮ್ಮನ ಕೈ ಹಿಡ್ಕೊಂಡಾಗಲೆಲ್ಲ 'ನನ್ನಿಂದ ಆಯ್ತು, ನನ್ನಿಂದ ಆಯ್ತು' ಅಂತ... ಅವರು ಹೋಗುವಾಗಲೂ..."

"ಗೊತ್ತು."

"ಗೊತ್ತಿಲ್ಲ! ಹೋಗಿ. ಹೋಗಿ ಇಲ್ಲಿಂದ."

ಅವನು ತಲೆತಗ್ಗಿಸಿ ಹೊರಟ. ಅವಳು ಮೇಜಿನ ಮೇಲೆ ತಲೆಯಿಟ್ಟು ಅತ್ತಳು. ಎದೆಯ ಮೇಲಿನ ಕಲ್ಲು ಇಳಿದಿತ್ತು, ಆದರೆ ಅದಿದ್ದ ಜಾಗ ಇನ್ನೂ ನೋಯುತ್ತಿತ್ತು. 'ಅವನೂ ಒಬ್ಬನೇ ಹೊತ್ತಿದ್ದನಲ್ಲ... ನನಗೆ ಅಪ್ಪನಾದರೂ ಇದ್ದರು. ಅವನಿಗೆ?'

ಎಷ್ಟು ಹೊತ್ತಾಯಿತೋ. ಅಪ್ಪನ ಕೈ ಹೆಗಲ ಮೇಲೆ ಬಿತ್ತು.

"ಪಾಪು, ಅವನು ಇನ್ನೂ ಹೋಗಿಲ್ಲ ಕಣಮ್ಮ. ಎದುರು ಫುಟ್‌ಪಾತಿನಲ್ಲಿ ನಿಂತಿದಾನೆ. ಬಿಸಿಲು ಬೇರೆ ಚುರುಗುಟ್ತಿದೆ."

"ನಿಂತಿರಲಿ."

"ನಿಂತಿರಲಿ" ಎಂದು ಅಪ್ಪನೂ ಒಪ್ಪಿದರು. "ಆದ್ರೆ ತಪ್ಪು ಮಾಡಿ ತಾವಾಗೇ ಬಂದು ಹೇಳಿದವರು ಅಂತ ನನ್ನ ಅರವತ್ತು ವರ್ಷದಲ್ಲಿ ನಾನು ನೋಡಿದ್ದು ಇಬ್ಬರನ್ನ. ಒಬ್ಬಳು ನನ್ನ ಮಗಳು."

ಅವಳು ಗೋಂದಿನ ಕೈ ಒರೆಸಿಕೊಳ್ಳದೆಯೇ ರಸ್ತೆ ದಾಟಿದಳು.

"ಯಾಕೆ ಇನ್ನೂ ನಿಂತಿದೀರಾ?"

"ಹೋಗೋಕೆ ಕಾಲು ಬರ್ಲಿಲ್ಲ."

"ನನಗಿನ್ನೂ ಕೋಪ ಇದೆ."

"ಇರಲಿ. ಎಷ್ಟು ದಿನ ಬೇಕಾದ್ರೂ ಇರಲಿ." ಅವನು ಮೊದಲ ಬಾರಿ ಅವಳ ಕಣ್ಣನ್ನು ನೇರವಾಗಿ ನೋಡಿದ. "ಕೋಪ ಇಟ್ಕೊಂಡೇ... ನನ್ನ ಜೊತೆ ಇರ್ತೀರಾ? ನೀವಿಲ್ಲದ ವಾರ ಹೇಗೆ ಕಳೀಬೇಕು ಅಂತ ನನಗೆ ಮರೆತೇಹೋಗಿದೆ."

ಬಸ್ಸೊಂದು ಧೂಳೆಬ್ಬಿಸಿಕೊಂಡು ಹೋಯಿತು. ಅವಳು ಅದು ಮರೆಯಾಗುವವರೆಗೂ ಕಾದಳು.

"ಇರ್ತೀನಿ" ಎಂದಳು. "ಆದ್ರೆ ಈ ನೀವು, ತಾವು, ಮೇಡಂ ಎಲ್ಲ ಸಾಕು. ಇನ್ನು ನನ್ನ ಕೈಲಾಗಲ್ಲ."

ಅವನು ಎರಡು ಸಲ ಬಾಯಿ ತೆರೆದು ಮುಚ್ಚಿದ. ಕಿವಿಯ ತುದಿಯವರೆಗೂ ಕೆಂಪಾದ.

"ಸರಿ..." ಎಂದ, ಪದವನ್ನು ಹೊಸದಾಗಿ ಕಲಿಯುವವನಂತೆ. "ಅಳಬೇಡ... ನೀನು."

"ನೀನೂ ಅಳ್ತಿದೀಯಲ್ಲೋ..." ಎಂದಳು ಅವಳು.